ಲಾಗಿನ್ ಹೋದರೆ ಸಂಬಳದ ಚೀಟಿಯೂ ಹೋಗಬೇಕೇ?

ಕಳೆದ ವರ್ಷದ ಜುಲೈ, ಒಂದು ಸೋಮವಾರ. ಭೋರ್‌ನಲ್ಲಿ ಮೂರು ದಿನದಿಂದ ಬಿಡದೆ ಮಳೆ. ಬೆಳಿಗ್ಗೆ ಒಂಬತ್ತೂವರೆಗೆ ಲ್ಯಾಪ್‌ಟಾಪ್ ತೆರೆದು ಎಂದಿನಂತೆ ಪಾಸ್‌ವರ್ಡ್ ಹಾಕಿದೆ. ಒಳಗೆ ಬಿಡಲಿಲ್ಲ. ಕರೆಂಟ್ ಹೋಗಿ ಬಂದಿತ್ತು. ರೂಟರ್‌ದೇ ತೊಂದರೆ ಇರಬೇಕೆಂದು ಮೊಬೈಲ್ ಇಂಟರ್‌ನೆಟ್ ಹಾಕಿಕೊಂಡು ನೋಡಿದೆ. ಮತ್ತೆ ಅದೇ ಸಾಲು: ನಿಮ್ಮ ಖಾತೆ ಚಾಲ್ತಿಯಲ್ಲಿಲ್ಲ, ನಿರ್ವಾಹಕರನ್ನು ಸಂಪರ್ಕಿಸಿ.

ಆ ಸಾಲು ನನಗೆ ಹೊಸದಲ್ಲ. ಅದು ಯಾವಾಗ ಬರುತ್ತದೆ ಎಂಬುದೂ ಗೊತ್ತಿತ್ತು. ಕಂಪನಿಯಲ್ಲಿ ನಾನಿದ್ದದ್ದೇ ಲಾಗಿನ್ ವ್ಯವಸ್ಥೆ ನೋಡಿಕೊಳ್ಳುವ ತಂಡದಲ್ಲಿ. ಯಾರಾದರೂ ಕೆಲಸ ಬಿಟ್ಟರೆ ಎಚ್‌ಆರ್ ವಿಭಾಗದವರು ಪರದೆಯ ಮೇಲೆ ಒಂದು ಗುರುತು ಹಾಕುತ್ತಾರೆ. ಅಲ್ಲಿಂದ ನಾಲ್ಕು ನಿಮಿಷದೊಳಗೆ ಆ ವ್ಯಕ್ತಿಯ 41 ಕಡೆಯ ಪ್ರವೇಶವೂ ಮುಚ್ಚಬೇಕು. ಹಾಗೆ ಮುಚ್ಚುವ ಪ್ರೋಗ್ರಾಂ ಬರೆದ ಮೂವರಲ್ಲಿ ನಾನೂ ಒಬ್ಬ. ಅದಕ್ಕಾಗಿ ಒಂದು ವರ್ಷ ನಮಗೆ ಮೆಚ್ಚುಗೆಯ ಪ್ರಮಾಣಪತ್ರವೂ ಸಿಕ್ಕಿತ್ತು.

ಹತ್ತೂಕಾಲಿಗೆ ಎಚ್‌ಆರ್‌ನಿಂದ ಫೋನ್ ಬಂತು. ಹುದ್ದೆ ರದ್ದಾಗಿದೆ, ಎರಡು ತಿಂಗಳ ಸಂಬಳ ಬರುತ್ತದೆ, ಅಲ್ಲಿಯವರೆಗೆ ನೀವು ನಮ್ಮ ನೌಕರರೇ, ಕೆಲಸ ಮಾತ್ರ ಮಾಡಬೇಕಿಲ್ಲ ಎಂದರು. ಕೆಲಸ ಹೋಗುವುದು ನಮ್ಮ ಕ್ಷೇತ್ರದಲ್ಲಿ ಈಗ ಯಾರಿಗೂ ಅಚ್ಚರಿಯಲ್ಲ. ಅದರ ಬಗ್ಗೆ ಇಲ್ಲಿ ದೂರುತ್ತಿಲ್ಲ. ದೂರು ಇರುವುದು ಎರಡು ದಿನದ ನಂತರ ನಡೆದದ್ದರ ಬಗ್ಗೆ.

ಬುಧವಾರ ಹುಬ್ಬಳ್ಳಿಯಲ್ಲಿ ಅಪ್ಪನಿಗೆ ಹರ್ನಿಯಾ ಆಪರೇಷನ್ ಗೊತ್ತಾಗಿತ್ತು. ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ, ಅಮ್ಮ ಇಬ್ಬರ ಹೆಸರೂ ಇತ್ತು. ನೋಟಿಸ್ ಅವಧಿ ಮುಗಿಯುವವರೆಗೆ ಆ ವಿಮೆ ಚಾಲ್ತಿಯಲ್ಲೇ ಇತ್ತು. ಆಸ್ಪತ್ರೆಯಿಂದ ಅಕ್ಕ ಫೋನ್ ಮಾಡಿದಳು: "ತಮ್ಮಾ, ವಿಮಾ ಕಾರ್ಡ್ ಕಳಸಪಾ, ಇಲ್ಲಿ ಕೌಂಟರ್‌ನ್ಯಾಗ ಕೇಳಾಕತ್ತಾರ."

ಕಾರ್ಡ್ ಇದ್ದದ್ದು ಕಂಪನಿಯ ಪೋರ್ಟಲ್‌ನಲ್ಲಿ. ಪೋರ್ಟಲ್‌ಗೆ ಲಾಗಿನ್ ಬೇಕು. ವಿಮೆಯ ಸಹಾಯವಾಣಿಗೆ ಫೋನ್ ಮಾಡಿದೆ. ಗುರುತು ಖಾತ್ರಿಗೆ ಓಟಿಪಿ ಕಳಿಸುತ್ತೇವೆ ಎಂದರು, ಕಳಿಸಿದ್ದು ಆಫೀಸಿನ ಇಮೇಲ್‌ಗೆ. ಎಚ್‌ಆರ್ ಸಹಾಯವಾಣಿಗೆ ಮಾಡಿದೆ. ದೂರನ್ನು ಪೋರ್ಟಲ್‌ನಲ್ಲಿ ದಾಖಲಿಸಿ ಎಂದು ಧ್ವನಿಮುದ್ರಿತ ಸಂದೇಶ ಹೇಳಿತು. ಅಕ್ಕ ತನ್ನ ಖಾತೆಯಿಂದ 40 ಸಾವಿರ ರೂಪಾಯಿ ಕಟ್ಟಿದಳು. ಕಾರ್ಡ್ ನನ್ನ ಕೈಗೆ ಬಂದದ್ದು ಒಂಬತ್ತು ದಿನದ ನಂತರ, ಹಳೆಯ ಮ್ಯಾನೇಜರ್ ಒಬ್ಬರು ದಯೆಯಿಂದ ಕಳಿಸಿದ್ದರಿಂದ.

ಒಂದೇ ಲಾಗಿನ್ ಇಷ್ಟೆಲ್ಲವನ್ನೂ ಹೇಗೆ ಮುಚ್ಚಿತು ಎಂಬುದನ್ನು ಹೊರಗಿರುವ ನಾವೆಲ್ಲ ಒಮ್ಮೆ ಅರ್ಥ ಮಾಡಿಕೊಳ್ಳುವುದು ಒಳ್ಳೆಯದು.

ಸಚಿವರ ಊರಿನಲ್ಲಿ

ನಾನಿರುವ ಭೋರ್ ಪುಣೆ ಜಿಲ್ಲೆಯ ತಾಲ್ಲೂಕು ಕೇಂದ್ರ. ಪುಣೆಯಿಂದ ಬೆಂಗಳೂರಿನ ಕಡೆ ಹೆದ್ದಾರಿಯಲ್ಲಿ ಬರುವವರು ಕಾಪೂರ್‌ಹೋಳ್ ಬಳಿ ಬಲಕ್ಕೆ ತಿರುಗಿದರೆ ನಮ್ಮೂರು. ಊರಿಗೆ ಹೋಗುವಾಗ ಕೊಲ್ಹಾಪುರ, ಬೆಳಗಾವಿ ದಾಟಿ ಹುಬ್ಬಳ್ಳಿ ಸೇರುವ ಅದೇ ರಸ್ತೆ. ಹೆಂಡತಿಗೆ ಇಲ್ಲಿನ ಬ್ಯಾಂಕ್ ಶಾಖೆಗೆ ವರ್ಗವಾದದ್ದರಿಂದ ನಾವು ಪುಣೆ ಬಿಟ್ಟು ಇಲ್ಲಿಗೆ ಬಂದೆವು. ನೀರಾ ನದಿ, ಭಾಟ್ಘರ್ ಅಣೆಕಟ್ಟು, ಸಿನಿಮಾದವರು ಬಂದು ಚಿತ್ರೀಕರಣ ಮಾಡುವ ರಾಜವಾಡೆ, ಇವಿಷ್ಟು ಊರಿನ ಹೆಸರಿಗೆ ಕಾರಣ.

ಭೋರ್ 1948ರವರೆಗೆ ಒಂದು ಸಂಸ್ಥಾನವಾಗಿತ್ತು. ಆಳಿದ ಮನೆತನದ ಬಿರುದು ಪಂತ ಸಚಿವ. ನಮಗೆ ಸಚಿವ ಎಂದರೆ ಮಂತ್ರಿ. ಮರಾಠರ ಅಷ್ಟಪ್ರಧಾನರಲ್ಲಿ ಸಚಿವ, ಅಂದರೆ ಸುರನೀಸ, ಕಾಗದಪತ್ರಗಳ ಅಧಿಕಾರಿ. ರಾಜನ ಹೆಸರಿನಲ್ಲಿ ಹೊರಡುವ ಪತ್ರಗಳನ್ನು ಪರಿಶೀಲಿಸಿ, ತಪ್ಪಿದ್ದರೆ ತಿದ್ದಿ ಕಳಿಸುವುದು ಅವನ ಹೊಣೆ. ಹಳೆಯ ಕಾಲದ ಆಡಳಿತವೆಲ್ಲ ನಿಂತದ್ದು ಇಂಥ ಪತ್ರಗಳ ಮೇಲೆ, ಅವುಗಳ ಮುದ್ರೆಯ ಮೇಲೆ. ದೂರದ ಕೋಟೆಯ ಕಾವಲುಗಾರನಿಗೆ ಪತ್ರ ತಂದವನ ಮುಖ ಗೊತ್ತಿರಬೇಕಿಲ್ಲ. ಮುದ್ರೆ ಗುರುತು ಹಿಡಿಯಲು ಬಂದರೆ ಸಾಕು.

ಇಂದು ಕಂಪನಿಗಳು ಬಳಸುವ ಸಿಂಗಲ್ ಸೈನ್-ಆನ್, ನಮ್ಮ ಭಾಷೆಯಲ್ಲಿ ಎಸ್‌ಎಸ್‌ಒ, ಇದೇ ಲೆಕ್ಕದಲ್ಲಿ ನಡೆಯುತ್ತದೆ. ರಜೆ ಹಾಕಲು ಒಂದು ವೆಬ್‌ಸೈಟ್ ತೆರೆಯುತ್ತೀರಿ ಎಂದುಕೊಳ್ಳಿ. ಅದಕ್ಕೆ ನೀವು ಯಾರೆಂದು ಗೊತ್ತಿಲ್ಲ. ನಿಮ್ಮ ಪಾಸ್‌ವರ್ಡ್ ಅದರ ಬಳಿ ಇಲ್ಲ, ಇರಲೂಬಾರದು. ಅದು ನಿಮ್ಮ ಬ್ರೌಸರನ್ನು ಕಂಪನಿಯ ಗುರುತಿನ ಸರ್ವರ್ ಕಡೆ ಕಳಿಸುತ್ತದೆ. ಪಾಸ್‌ವರ್ಡ್ ಕೇಳುವುದು, ಫೋನಿಗೆ ಖಾತ್ರಿ ಕಳಿಸುವುದು ಎಲ್ಲ ಅಲ್ಲೇ. ಒಪ್ಪಿಗೆಯಾದ ಮೇಲೆ ಆ ಸರ್ವರ್ ಒಂದು ಚೀಟಿ ಬರೆದುಕೊಡುತ್ತದೆ: ಈತ ಇಂಥವನು, ಇಷ್ಟು ಗಂಟೆಗೆ ಗುರುತು ಪಕ್ಕಾ ಮಾಡಿದ್ದೇನೆ, ಈ ಚೀಟಿ ರಜೆಯ ವೆಬ್‌ಸೈಟಿಗೆ ಮಾತ್ರ, ಕೆಲವೇ ನಿಮಿಷ ಚಲಾವಣೆ. ಕೆಳಗೆ ಡಿಜಿಟಲ್ ಸಹಿ. ಸಹಿ ಹಾಕುವ ಗುಪ್ತ ಕೀಲಿ ಆ ಸರ್ವರ್ ಬಳಿ ಮಾತ್ರ ಇರುತ್ತದೆ. ಸಹಿ ಅಸಲಿಯೇ ಎಂದು ನೋಡುವ ಬಹಿರಂಗ ಕೀಲಿ ರಜೆಯ ವೆಬ್‌ಸೈಟ್ ಬಳಿ ಮೊದಲೇ ಇರುತ್ತದೆ. ಬ್ರೌಸರ್ ಆ ಚೀಟಿ ಹಿಡಿದು ವಾಪಸ್ ಬರುತ್ತದೆ, ಸಹಿ ತಾಳೆಯಾಗುತ್ತದೆ, ಬಾಗಿಲು ತೆರೆಯುತ್ತದೆ. ನೀವು ಕಾಣುವುದು ಅರೆಕ್ಷಣ ಪರದೆ ಮಿನುಗಿದ್ದನ್ನು ಮಾತ್ರ.

ಆಮೇಲೆ ಸಂಬಳದ ವೆಬ್‌ಸೈಟಿಗೆ ಹೋದರೆ ಅದೂ ನಿಮ್ಮನ್ನು ಅದೇ ಸರ್ವರ್‌ಗೆ ಕಳಿಸುತ್ತದೆ. ಬೆಳಿಗ್ಗೆ ಗುರುತು ಹೇಳಿ ಬಂದವರು ನೀವೇ ಎಂಬುದಕ್ಕೆ ಬ್ರೌಸರಿನಲ್ಲಿ ಕುರುಹು ಉಳಿದಿರುತ್ತದೆ. ಹಾಗಾಗಿ ಮತ್ತೆ ಪಾಸ್‌ವರ್ಡ್ ಕೇಳದೆ ಎರಡನೇ ಚೀಟಿ ಸಿಗುತ್ತದೆ. ಒಂದು ಸಲ ಲಾಗಿನ್ ಆಗಿ ಎಲ್ಲ ಕಡೆ ಓಡಾಡುವುದು ಎಂದರೆ ಇಷ್ಟೇ.

ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1980ರ ದಶಕದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯವರು ತಮ್ಮ ಕ್ಯಾಂಪಸ್ಸಿನ ಕಂಪ್ಯೂಟರ್‌ಗಳಿಗಾಗಿ ಕರ್ಬೆರೋಸ್ ಎಂಬ ವ್ಯವಸ್ಥೆ ಕಟ್ಟಿದರು. ಗ್ರೀಕ್ ಪುರಾಣದ ಮೂರು ತಲೆಯ ಕಾವಲು ನಾಯಿಯ ಹೆಸರು ಅದು. ಅಲ್ಲಿ ಚೀಟಿಗೆ ಟಿಕೆಟ್ ಎಂದೇ ಹೆಸರು. ವೆಬ್ ಬಂದ ಮೇಲೆ ಬೇರೆ ಬೇರೆ ಕಂಪನಿಗಳ ವೆಬ್‌ಸೈಟ್‌ಗಳು ಒಂದರ ಚೀಟಿಯನ್ನು ಇನ್ನೊಂದು ನಂಬಲು ಸಾಮಾನ್ಯ ನಮೂನೆ ಬೇಕಾಯಿತು. 2005ರಲ್ಲಿ ಸ್ಯಾಮಲ್ 2.0, 2014ರಲ್ಲಿ ಓಪನ್ ಐಡಿ ಕನೆಕ್ಟ್ ಬಂದವು. ನಿಮ್ಮ ಆಫೀಸಿನ ಲಾಗಿನ್ ಬಹುಪಾಲು ಈ ಎರಡರಲ್ಲಿ ಒಂದರ ಮೇಲೆ ನಡೆಯುತ್ತಿರುತ್ತದೆ. ಭಾರತ ಸರ್ಕಾರವೂ 2022ರಲ್ಲಿ ಮೇರಿ ಪಹಚಾನ್ ಎಂಬ ಹೆಸರಿನಲ್ಲಿ ಸರ್ಕಾರಿ ಸೇವೆಗಳಿಗೆ ಇಂಥದೇ ಒಂದೇ ಲಾಗಿನ್ ತಂದಿತು.

ಹಳೆಯದೇ ಚೆನ್ನಾಗಿತ್ತೇ?

ಖಂಡಿತ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಬಳಿ ಹದಿನಾಲ್ಕು ಪಾಸ್‌ವರ್ಡ್‌ಗಳಿದ್ದವು. ಪಕ್ಕದ ಮೇಜಿನವರು ಕೀಬೋರ್ಡ್ ಕೆಳಗೆ ಚೀಟಿ ಅಂಟಿಸಿಕೊಂಡಿದ್ದರು. ಇನ್ನೊಬ್ಬರು ಎಲ್ಲದಕ್ಕೂ ಮಗಳ ಹೆಸರು, ಹುಟ್ಟಿದ ವರ್ಷ ಹಾಕಿದ್ದರು; ಒಂದು ಕಡೆ ಸೋರಿದರೆ ಎಲ್ಲ ಕಡೆ ಸೋರಿದಂತೆ. ಯಾರಾದರೂ ಕೆಲಸ ಬಿಟ್ಟರೆ ಅವರ ಖಾತೆಗಳನ್ನು ಮುಚ್ಚಲು ಹದಿನಾಲ್ಕು ಜನಕ್ಕೆ ಮೇಲ್ ಹೋಗುತ್ತಿತ್ತು. ಐದು ಜನ ಮುಚ್ಚುತ್ತಿದ್ದರು, ಉಳಿದವರು ಮರೆಯುತ್ತಿದ್ದರು. ಬಿಟ್ಟು ಹೋಗಿ ವರ್ಷವಾದ ಮೇಲೂ ಗ್ರಾಹಕರ ಮಾಹಿತಿ ನೋಡಬಲ್ಲ ಹಳೆಯ ನೌಕರರಿದ್ದರು. ಒಂದು ಲೆಕ್ಕಪರಿಶೋಧನೆಯಲ್ಲಿ ಅಂಥ ಸತ್ತ ಖಾತೆಗಳನ್ನು ಎಣಿಸುವ ಕೆಲಸ ನನಗೇ ಬಿದ್ದಿತ್ತು.

ಆದ್ದರಿಂದಲೇ ನಾಲ್ಕು ನಿಮಿಷದ ಪ್ರೋಗ್ರಾಂ ಬರೆಯುವಾಗ ಒಳ್ಳೆಯ ಕೆಲಸ ಮಾಡುತ್ತಿದ್ದೇವೆ ಎಂಬ ನಂಬಿಕೆ ನನಗಿತ್ತು, ಇಂದಿಗೂ ಇದೆ. ಗ್ರಾಹಕರ ಮಾಹಿತಿ, ಕಂಪನಿಯ ಕೋಡ್, ಹಣಕಾಸು ಇವುಗಳಿಂದ ಕೆಲಸ ಬಿಟ್ಟವರನ್ನು ತಕ್ಷಣ ದೂರವಿಡಲೇಬೇಕು. ಬ್ಯಾಂಕಿನಲ್ಲಿರುವ ನನ್ನ ಹೆಂಡತಿಯನ್ನು ಕೇಳಿದರೆ ನಾಲ್ಕು ನಿಮಿಷವೂ ಹೆಚ್ಚಾಯಿತು ಎನ್ನುತ್ತಾಳೆ.

ಒಂದೇ ಬಾಗಿಲು ಮಾಡಿದಾಗ ಆ ಬಾಗಿಲಿನ ತೊಂದರೆ ಎಲ್ಲರ ತೊಂದರೆಯಾಗುತ್ತದೆ ಎಂಬುದೂ ನಿಜ. 2020ರ ಡಿಸೆಂಬರ್ 14ರ ಸಂಜೆ ಗೂಗಲ್‌ನ ಸೇವೆಗಳು ಜಗತ್ತಿನಾದ್ಯಂತ ಸುಮಾರು ಮುಕ್ಕಾಲು ಗಂಟೆ ನಿಂತದ್ದು ಹಲವರಿಗೆ ನೆನಪಿರಬಹುದು. ಜಿಮೇಲ್ ಆಗಲಿ ಯೂಟ್ಯೂಬ್ ಆಗಲಿ ಕೆಟ್ಟಿರಲಿಲ್ಲ. ಬಳಕೆದಾರರ ಗುರುತು ನೋಡುವ ಸೇವೆಗೆ ಮೀಸಲಿದ್ದ ಜಾಗದ ಮಿತಿಯನ್ನು ಒಂದು ಸ್ವಯಂಚಾಲಿತ ವ್ಯವಸ್ಥೆ ತಪ್ಪಾಗಿ ಕಡಿತ ಮಾಡಿತ್ತು. 2023ರಲ್ಲಿ ಮೈಕ್ರೋಸಾಫ್ಟ್‌ನ ಒಂದು ಸಹಿಯ ಕೀಲಿ ಕಳ್ಳರ ಕೈ ಸೇರಿತು. ಅವರು ತಾವೇ ಚೀಟಿ ಬರೆದುಕೊಂಡು ಅಮೆರಿಕದ ವಿದೇಶಾಂಗ ಇಲಾಖೆ ಸೇರಿದಂತೆ ಸುಮಾರು 25 ಸಂಸ್ಥೆಗಳ ಇಮೇಲ್ ಓದಿದರು. ಮುದ್ರೆಯೇ ಕಳುವಾದರೆ ಕೋಟೆಯ ಕಾವಲುಗಾರ ಏನು ಮಾಡಿಯಾನು?

ಇವುಗಳ ಬಗ್ಗೆ ನಮ್ಮ ಕ್ಷೇತ್ರದಲ್ಲಿ ಸಾಕಷ್ಟು ಚರ್ಚೆ ನಡೆಯುತ್ತದೆ, ಸಮ್ಮೇಳನಗಳಾಗುತ್ತವೆ. ಚರ್ಚೆ ಆಗದಿರುವುದು ಇನ್ನೊಂದು ವಿಷಯ. ಬಾಗಿಲು ಒಂದಾದಾಗ ಅದರ ಹಿಂದೆ ಏನೇನು ಇಟ್ಟೆವು ಎಂಬುದನ್ನು ಯಾರೂ ಕೂತು ಲೆಕ್ಕ ಹಾಕಲಿಲ್ಲ.

ಎರಡು ಬಗೆಯ ಸಾಮಾನು

ನನ್ನ 41 ಖಾತೆಗಳ ಪಟ್ಟಿಯನ್ನು ಆ ವಾರ ನೆನಪಿನಿಂದಲೇ ಒಂದು ಕಾಗದದ ಮೇಲೆ ಬರೆದೆ. ಮೂವತ್ತೈದು ಕಂಪನಿಯ ಸಾಮಾನು: ಕೋಡ್, ಸರ್ವರ್, ಗ್ರಾಹಕರ ದೂರು, ಆಫೀಸಿನ ಮೇಲ್, ಹರಟೆ. ಇವನ್ನು ಮುಚ್ಚಿದ್ದು ಸರಿ. ಉಳಿದ ಆರು ನನ್ನವು. ಸಂಬಳದ ಚೀಟಿ. ಫಾರ್ಮ್ 16. ಭವಿಷ್ಯನಿಧಿಯ ಕಾಗದಪತ್ರ. ಆರೋಗ್ಯ ವಿಮೆ. ಕೆಲಸಕ್ಕೆ ಸೇರುವಾಗ ನಾನೇ ಕೊಟ್ಟ ಅಂಕಪಟ್ಟಿ, ಪ್ರಮಾಣಪತ್ರಗಳ ಪ್ರತಿ, ಜೊತೆಗೆ ನೇಮಕಾತಿ ಪತ್ರ. ಖರ್ಚು ಮಾಡಿ ಬಿಲ್ ಹಾಕಿದ, ಇನ್ನೂ ವಾಪಸ್ ಬರಬೇಕಿದ್ದ ಪ್ರಯಾಣ ಭತ್ಯೆ.

ಈ ಆರಕ್ಕೂ ಆ ಮೂವತ್ತೈದಕ್ಕೂ ನಮ್ಮ ಪ್ರೋಗ್ರಾಂ ಯಾವ ವ್ಯತ್ಯಾಸವನ್ನೂ ಮಾಡಲಿಲ್ಲ. ಮಾಡಬೇಕೆಂದು ನಮಗೆ ಹೊಳೆಯಲೇ ಇಲ್ಲ. ಅದರಲ್ಲಿ ಒಬ್ಬ ಮನುಷ್ಯನಿಗೆ ಎರಡೇ ಸ್ಥಿತಿ: ನೌಕರ ಹೌದು, ಅಥವಾ ಅಲ್ಲ. ನೋಟಿಸ್ ಅವಧಿಯಲ್ಲಿರುವವನು, ನಿವೃತ್ತನಾದವನು, ತೀರಿಕೊಂಡ ನೌಕರನ ಹೆಂಡತಿ, ಇವರೆಲ್ಲ ಯಂತ್ರದ ಲೆಕ್ಕಕ್ಕೆ ಒಂದೇ. ನಾನು ಬರೆದದ್ದು ಸರಿಯಾಗಿ ಕೆಲಸ ಮಾಡಿತು. ಹುಬ್ಬಳ್ಳಿಯ ಕೌಂಟರ್ ಮುಂದೆ ಅಕ್ಕ ನಿಂತದ್ದು ಅದು ಸರಿಯಾಗಿ ಕೆಲಸ ಮಾಡಿದ್ದರಿಂದಲೇ.

ಈ ಮಾತು ಎಲ್ಲ ನೌಕರರಿಗೂ ಅನ್ವಯಿಸುತ್ತದೆ, ಆದರೆ ಊರು ಬಿಟ್ಟು ಬಂದವರಿಗೆ ಸ್ವಲ್ಪ ಹೆಚ್ಚೇ. ನಮ್ಮೂರಲ್ಲಿ ನಾನು ಯಾರ ಮಗ ಎಂದರೆ ಸಾಕು. ಕಿರಾಣಿ ಅಂಗಡಿಯವನಿಂದ ಹಿಡಿದು ಬ್ಯಾಂಕ್ ಮ್ಯಾನೇಜರ್ ತನಕ ಯಾರಾದರೊಬ್ಬರು ಗುರುತು ಹೇಳುತ್ತಾರೆ. ಪುಣೆಯಲ್ಲಿ ಮನೆ ಬಾಡಿಗೆಗೆ ಹೋದಾಗ ಮಾಲೀಕರು ಮೊದಲು ಕೇಳಿದ್ದು ಯಾವ ಕಂಪನಿ ಎಂದು, ಎರಡನೆಯದು ಕಂಪನಿಯ ಪತ್ರ. ಬಾಡಿಗೆ ಕರಾರು, ಬಾಡಿಗೆದಾರರ ಪೊಲೀಸ್ ಪರಿಶೀಲನೆ, ಮಗುವಿನ ಶಾಲೆಯ ಅರ್ಜಿ, ವಾಹನ ಸಾಲ, ಎಲ್ಲದರಲ್ಲೂ ಆ ಕಂಪನಿಯ ಹೆಸರೇ ನಮ್ಮ ಮನೆತನ. ಪರ ಊರಿನಲ್ಲಿ ನಾವು ಯಾರೆಂದು ಸಾಕ್ಷಿ ಹೇಳುವ ಕಾಗದಗಳೆಲ್ಲ ಒಂದು ಲಾಗಿನ್ ಹಿಂದೆ ಸೇರಿಕೊಂಡಿವೆ. ಕೆಲಸ ಹೋದ ದಿನವೇ ಹೊಸ ಕೆಲಸ ಹುಡುಕಬೇಕು. ಹೊಸ ಕಂಪನಿ ಮೊದಲು ಕೇಳುವುದು ಹಳೆಯ ಮೂರು ತಿಂಗಳ ಸಂಬಳದ ಚೀಟಿ. ಅದು ಬೇಕಾಗುವ ದಿನವೇ ಅದಕ್ಕೆ ಬೀಗ ಬೀಳುತ್ತದೆ.

ನನಗಾದದ್ದು ಒಂಬತ್ತು ದಿನದ ತೊಂದರೆ. ನನ್ನ ಜೊತೆಗೇ ಕೆಲಸ ಕಳೆದುಕೊಂಡ, ಕಲಬುರಗಿ ಕಡೆಯ ಕಿರಿಯ ಸಹೋದ್ಯೋಗಿಯೊಬ್ಬನ ಬಳಿ ಒಂದೇ ಒಂದು ಸಂಬಳದ ಚೀಟಿಯೂ ಇರಲಿಲ್ಲ. ಹೊಸ ಕಂಪನಿಯವರು ಕಾಗದ ತನ್ನಿ ಎಂದರು, ಹಳೆಯ ಕಂಪನಿಯವರು ಹದಿನೈದು ಕೆಲಸದ ದಿನ ಎಂದರು. ಬ್ಯಾಂಕ್ ಪಾಸ್‌ಬುಕ್ ಹಿಡಿದು ಅಲೆದಾಡಿದ. ಕೆಲಸ ಸಿಕ್ಕಿತು, ಸೇರುವ ದಿನ ಒಂದು ತಿಂಗಳು ಮುಂದೆ ಹೋಯಿತು. ಆ ತಿಂಗಳ ಬಾಡಿಗೆಯನ್ನು ಅವನ ತಂದೆ ಊರಿನಿಂದ ಕಳಿಸಿದರು.

ಮಾದರಿ ನಮ್ಮಲ್ಲೇ ಇದೆ

ಪರಿಹಾರ ಹುಡುಕಲು ದೂರ ಹೋಗಬೇಕಿಲ್ಲ. 2014ಕ್ಕೆ ಮೊದಲು ಭವಿಷ್ಯನಿಧಿಯ ಕಥೆಯೂ ಹೀಗೆಯೇ ಇತ್ತು. ಪ್ರತಿ ಕಂಪನಿಯಲ್ಲೂ ಹೊಸ ಪಿಎಫ್ ಸಂಖ್ಯೆ. ಕೆಲಸ ಬದಲಿಸಿದರೆ ಹಳೆಯ ಹಣಕ್ಕೆ ಹಳೆಯ ಕಂಪನಿಯ ಸಹಿ ಬೇಕು. ಎಷ್ಟೋ ಜನ ಆ ಓಡಾಟಕ್ಕೆ ಬೇಸತ್ತು ಹಣ ಅಲ್ಲೇ ಬಿಟ್ಟರು. ಆ ವರ್ಷ ಯುಎಎನ್ ಬಂತು. ಸಂಖ್ಯೆ ಕಂಪನಿಯದಲ್ಲ, ನೌಕರನದು. ಕಂಪನಿ ಬದಲಾದರೂ ಸಂಖ್ಯೆ ಬದಲಾಗದು. ಹಣ ಕಟ್ಟುವುದು ಕಂಪನಿ, ಒಳಗೆ ಹೋಗಿ ನೋಡುವ ಲಾಗಿನ್ ನಮ್ಮ ಕೈಯಲ್ಲಿ. ಈಗಲೂ ಅದರಲ್ಲಿ ಹೆಸರಿನ ಕಾಗುಣಿತ, ಕೆಲಸ ಬಿಟ್ಟ ದಿನಾಂಕ ಎಂದು ತಕರಾರುಗಳು ಇದ್ದೇ ಇವೆ. ಆದರೆ ಕೆಲಸ ಹೋದ ದಿನ ಪಿಎಫ್ ಖಾತೆಗೆ ಬೀಗ ಬೀಳುವುದಿಲ್ಲ.

ಆದಾಯ ತೆರಿಗೆಯದೂ ಹಾಗೆಯೇ. ಕಂಪನಿ ಎಷ್ಟು ತೆರಿಗೆ ಕಡಿತ ಮಾಡಿದೆ ಎಂಬುದನ್ನು ನಮ್ಮ ಪ್ಯಾನ್ ಸಂಖ್ಯೆಯಿಂದ ಇಲಾಖೆಯ ವೆಬ್‌ಸೈಟಿನಲ್ಲಿ ನಾವೇ ನೋಡಬಹುದು. 2015ರಲ್ಲಿ ಬಂದ ಡಿಜಿಲಾಕರ್‌ನಲ್ಲಿ ಚಾಲನಾ ಪರವಾನಗಿಯಿಂದ ಅಂಕಪಟ್ಟಿಯವರೆಗೆ ಕಾಗದಗಳು ವ್ಯಕ್ತಿಯ ಹೆಸರಿನಲ್ಲಿ ಬಂದು ಕೂರುತ್ತವೆ. ಕೊಟ್ಟವರು ಯಾರೇ ಇರಲಿ, ಪೆಟ್ಟಿಗೆ ನಮ್ಮದು.

ಕಂಪನಿಗಳು ಮಾಡಬೇಕಾದದ್ದು ಇದನ್ನೇ. ನೌಕರ ಹೌದು ಅಥವಾ ಅಲ್ಲ ಎಂಬ ಎರಡು ಸ್ಥಿತಿಯ ನಡುವೆ ಮಾಜಿ ನೌಕರ ಎಂಬ ಮೂರನೆಯದು ಬರಬೇಕು. ಕೆಲಸಕ್ಕೆ ಸೇರುವ ದಿನವೇ ನಮ್ಮ ಖಾಸಗಿ ಇಮೇಲ್, ಮೊಬೈಲ್ ಸಂಖ್ಯೆಯನ್ನು ಖಾತ್ರಿ ಮಾಡಿ ಇಟ್ಟುಕೊಳ್ಳಲಿ. ಕೆಲಸ ಬಿಟ್ಟ ಕ್ಷಣ ಆಫೀಸಿನ ಗುರುತು ಮುಚ್ಚಲಿ. ಸಂಬಳ, ತೆರಿಗೆ, ವಿಮೆ, ಪಿಎಫ್, ನಮ್ಮದೇ ಪ್ರಮಾಣಪತ್ರಗಳು, ಇವಿಷ್ಟಕ್ಕೆ ಖಾಸಗಿ ಗುರುತಿನಿಂದ ಪ್ರವೇಶ ಉಳಿಯಲಿ. ಒಂದು ಪೂರ್ಣ ತೆರಿಗೆ ವರ್ಷ ದಾಟುವವರೆಗೆ ಉಳಿದರೂ ಸಾಕು. ಕಂಪನಿ ಫಾರ್ಮ್ 16 ಕೊಡಬೇಕಾದ ಗಡುವೇ ಮುಂದಿನ ಜೂನ್ 15. ಜುಲೈನಲ್ಲಿ ಕೆಲಸ ಹೋದವನು ಅದನ್ನು ನೋಡಲು ಮುಂದಿನ ವರ್ಷ ಯಾವ ಲಾಗಿನ್‌ನಿಂದ ಹೋಗಬೇಕು?

ಭದ್ರತೆಗೆ ಧಕ್ಕೆ ಎಂದು ಇದಕ್ಕೆ ಆಕ್ಷೇಪ ಬರುತ್ತದೆ. ನಾನೇ ಆ ಮೇಜಿನ ಆಚೆ ಕೂತವನಾದ್ದರಿಂದ ಹೇಳುತ್ತೇನೆ, ಈ ಆಕ್ಷೇಪ ನಿಲ್ಲುವುದಿಲ್ಲ. ಎಸ್‌ಎಸ್‌ಒ ಚೀಟಿಯಲ್ಲಿ ಹೆಸರಿನ ಜೊತೆಗೆ ಈತ ಯಾವ ಗುಂಪಿನವನು ಎಂದೂ ಬರೆಯಬಹುದು. ಯಾವ ಗುಂಪಿಗೆ ಯಾವ ಬಾಗಿಲು ಎಂಬುದು ಈಗಾಗಲೇ ನಿಗದಿಯಾಗಿರುತ್ತದೆ. ಲೆಕ್ಕಪತ್ರದವರಿಗೆ ಕೋಡ್ ಕಾಣುವುದಿಲ್ಲ, ನಮಗೆ ಲೆಕ್ಕಪತ್ರ ಕಾಣುವುದಿಲ್ಲ. ಮಾಜಿ ನೌಕರ ಎಂಬ ಗುಂಪು ಮಾಡಿ ಅದಕ್ಕೆ ಆರು ಬಾಗಿಲು ತೆರೆದಿಡುವುದು ಎರಡು ವಾರದ ಕೆಲಸ. ನಿವೃತ್ತ ನೌಕರರಿಗೆ ಪ್ರತ್ಯೇಕ ಪೋರ್ಟಲ್ ಇಟ್ಟಿರುವ ಸಂಸ್ಥೆಗಳು ಈಗಲೂ ಇವೆ. ತಂತ್ರಜ್ಞಾನ ಅಡ್ಡಿಯಲ್ಲ, ಯಾರೂ ಕೇಳದಿರುವುದು ಅಡ್ಡಿ.

ಇನ್ನೊಂದು ಆಕ್ಷೇಪ ಖರ್ಚಿನದು. ಎಸ್‌ಎಸ್‌ಒ ಸೇವೆ ಮಾರುವ ಕಂಪನಿಗಳು ಸಾಮಾನ್ಯವಾಗಿ ತಲೆಯೆಣಿಕೆಯ ಮೇಲೆ ಹಣ ಕೇಳುತ್ತವೆ. ಮಾಜಿ ನೌಕರರನ್ನೂ ಎಣಿಸಿದರೆ ಬಿಲ್ ಏರುತ್ತದೆ, ನಿಜ. ಹಾಗಿದ್ದರೆ ಲಾಗಿನ್ನೇ ಬೇಡ. ನೌಕರನ ಖಾತೆ ಮುಚ್ಚುವ ಮೊದಲು ಆ ಆರು ಕಡೆಯ ಕಾಗದಗಳನ್ನು ಒಟ್ಟುಮಾಡಿ ಬೀಗ ಹಾಕಿದ ಒಂದು ಕಡತವಾಗಿ ಅವನ ಖಾಸಗಿ ಇಮೇಲ್‌ಗೆ ಕಳಿಸಲಿ. ನಾಲ್ಕು ನಿಮಿಷದ ಪ್ರೋಗ್ರಾಂ ಐದು ನಿಮಿಷದ್ದಾಗುತ್ತದೆ, ಅಷ್ಟೇ.

ಕಾನೂನಿನ ಬೆಂಬಲ ಇಲ್ಲಿ ತೆಳು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕು ಕೊಡುತ್ತದೆ, ಆದರೆ ಆ ಹಕ್ಕನ್ನು ನಾವು ಒಪ್ಪಿಗೆ ಕೊಟ್ಟ ಸಂದರ್ಭಗಳಿಗೆ ಕಟ್ಟಿಹಾಕಿದೆ. ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆಯೇ ಮಾಹಿತಿ ಬಳಸಲು ಅದೇ ಕಾಯ್ದೆ ಅವಕಾಶ ಕೊಟ್ಟಿದೆ. ಒಪ್ಪಿಗೆಯೇ ಬೇಕಿಲ್ಲದ ಕಡೆ ಕೇಳುವ ಹಕ್ಕು ಎಷ್ಟರಮಟ್ಟಿಗೆ ಉಳಿಯುತ್ತದೆ? ನೌಕರರ ಸಂಘಟನೆಗಳು, ಕಾರ್ಮಿಕ ಇಲಾಖೆಗಳು ಕೇಳಬೇಕಾದ ಪ್ರಶ್ನೆ ಇದು. ಸಂಬಳದ ಚೀಟಿ ಕೊಡುವುದು ಹೇಗೆ ಕರ್ತವ್ಯವೋ, ಕೆಲಸ ಹೋದ ಮೇಲೂ ಅದು ಕೈಗೆಟಕುವಂತೆ ಇಡುವುದೂ ಹಾಗೆಯೇ ಕರ್ತವ್ಯ ಎಂದು ನಿಯಮದಲ್ಲಿ ಒಂದು ಸಾಲು ಸೇರಿದರೆ ಸಾಕು.

ನಾವು ಈಗಲೇ ಮಾಡಬಹುದಾದದ್ದು

ಆ ಸಾಲು ಸೇರುವವರೆಗೆ ಕಾಯಬೇಕಿಲ್ಲ. ಈ ಭಾನುವಾರ ಒಂದು ಗಂಟೆ ಕೂತರೆ ಆಗುವ ಕೆಲಸ.

ಪಿಎಫ್, ಬ್ಯಾಂಕ್, ಆದಾಯ ತೆರಿಗೆ, ಡಿಜಿಲಾಕರ್, ಮಕ್ಕಳ ಶಾಲೆ, ಮ್ಯೂಚುವಲ್ ಫಂಡ್, ಇವುಗಳಲ್ಲಿ ಎಲ್ಲಿಯಾದರೂ ಆಫೀಸಿನ ಇಮೇಲ್ ಕೊಟ್ಟಿದ್ದೀರಾ ನೋಡಿ. ಇದ್ದರೆ ಇಂದೇ ಬದಲಿಸಿ. ಆಫೀಸಿನ ಮೇಲ್ ಹೋದ ಮೇಲೆ ಬದಲಿಸಲು ಹೋದರೆ ಓಟಿಪಿ ಬರುವುದು ಆಫೀಸಿನ ಮೇಲ್‌ಗೇ.

ಯಾವುದಾದರೂ ವೆಬ್‌ಸೈಟ್ ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯಿಂದ ಒಳಬನ್ನಿ ಎಂದಾಗ ಅವಸರದಲ್ಲಿ ಆಫೀಸಿನ ಖಾತೆ ಒತ್ತಿಬಿಡುತ್ತೇವೆ. ಆ ವೆಬ್‌ಸೈಟಿಗೆ ನಮ್ಮ ಪಾಸ್‌ವರ್ಡ್ ಗೊತ್ತಿರುವುದಿಲ್ಲ, ಗೊತ್ತಿರುವುದು ಕಂಪನಿಯ ಚೀಟಿ ಮಾತ್ರ. ಚೀಟಿ ನಿಂತ ದಿನ ಅಲ್ಲಿ ಇಟ್ಟ ಫೋಟೊ, ಟಿಪ್ಪಣಿ, ಕೋರ್ಸ್ ಪ್ರಮಾಣಪತ್ರ ಎಲ್ಲವೂ ನಿಂತಂತೆಯೇ.

ಸಂಬಳದ ಚೀಟಿಯನ್ನು ಪ್ರತಿ ತಿಂಗಳೂ ಇಳಿಸಿಕೊಂಡು ಸ್ವಂತ ಜಾಗದಲ್ಲಿ ಇಡಿ. ಫಾರ್ಮ್ 16 ಬಂದ ದಿನವೇ ಇಡಿ. ಗ್ರಾಹಕರ ಮಾಹಿತಿ, ಕಂಪನಿಯ ಕೋಡ್, ಆಫೀಸಿನ ಮೇಲ್‌ಗಳನ್ನು ಮಾತ್ರ ಎಂದೂ ಮನೆಗೆ ತರಬೇಡಿ. ಅದು ತಪ್ಪು, ಸಿಕ್ಕಿಬಿದ್ದರೆ ಸಣ್ಣ ತಪ್ಪಲ್ಲ. ನಮ್ಮದು ಯಾವುದು, ಅವರದು ಯಾವುದು ಎಂಬ ಗೆರೆ ನಮ್ಮ ಕಡೆಯಿಂದಲೂ ಸ್ಪಷ್ಟವಿರಬೇಕು.

ನೀವು ಲಾಗಿನ್ ಮಾಡದೆಯೇ ಫೋನಿನಲ್ಲಿ ಒಪ್ಪಿಗೆ ಕೊಡಿ ಎಂಬ ಸಂದೇಶ ಬಂದರೆ ಒತ್ತಬೇಡಿ. ಹತ್ತು ಸಲ ಬಂದರೂ ಬೇಡ. 2022ರಲ್ಲಿ ಉಬರ್ ಕಂಪನಿಯೊಳಗೆ ಕಳ್ಳ ಹೊಕ್ಕಿದ್ದು ಹೀಗೆ: ಗುತ್ತಿಗೆ ನೌಕರನೊಬ್ಬನ ಪಾಸ್‌ವರ್ಡ್ ಅವನ ಬಳಿ ಇತ್ತು, ಒಪ್ಪಿಗೆಯ ಸಂದೇಶವನ್ನು ಮೇಲಿಂದ ಮೇಲೆ ಕಳಿಸಿದ, ಆ ನೌಕರ ಕೊನೆಗೊಮ್ಮೆ ಒತ್ತಿಬಿಟ್ಟ. ಬಾಗಿಲು ಒಂದೇ ಆದಾಗ ಒಂದು ಒತ್ತು ಎಲ್ಲವನ್ನೂ ತೆರೆಯುತ್ತದೆ.

ಕೊನೆಯದಾಗಿ, ಊರಿನಲ್ಲಿರುವ ಅಪ್ಪ ಅಮ್ಮನ ವಿಷಯ. ಅವರ ವಿಮೆ, ಪಿಂಚಣಿ, ಗ್ಯಾಸ್, ಪಹಣಿ ಎಲ್ಲದಕ್ಕೂ ನಮ್ಮ ಮೊಬೈಲ್ ಸಂಖ್ಯೆ ಕೊಟ್ಟು ಬಂದಿರುತ್ತೇವೆ. ಅಂದರೆ ಅವರ ಪಾಲಿಗೆ ನಾವೇ ಗುರುತಿನ ಸರ್ವರ್. ನಾವು ಮೀಟಿಂಗ್‌ನಲ್ಲಿದ್ದರೆ ಅವರ ಕೆಲಸ ನಿಲ್ಲುತ್ತದೆ. ಊರಲ್ಲಿರುವ ಅಕ್ಕ, ತಮ್ಮ, ಸೊಸೆ ಯಾರಾದರೊಬ್ಬರ ಬಳಿ ಕಾಗದಗಳ ಪ್ರತಿ ಇರಲಿ. ಕಂಪನಿಗೆ ನಾವು ಹೇಳುವ ಮಾತು ನಮಗೂ ಅನ್ವಯಿಸುತ್ತದೆ.

ನನಗೆ ಅಕ್ಟೋಬರ್‌ನಲ್ಲಿ ಬೇರೆ ಕಡೆ ಕೆಲಸ ಸಿಕ್ಕಿತು. ವಾರಕ್ಕೆರಡು ಸಲ ಹಿಂಜೆವಾಡಿಗೆ ಹೋಗಿಬರುತ್ತೇನೆ, ಉಳಿದ ದಿನ ಭೋರ್‌ನಲ್ಲೇ. ಇಲ್ಲಿಯೂ ನನಗೆ ಕೊಟ್ಟದ್ದು ಲಾಗಿನ್ ತಂಡದ ಕೆಲಸವೇ, ಇಲ್ಲಿಯೂ ಕೆಲಸ ಬಿಟ್ಟವರ ಖಾತೆ ಮುಚ್ಚುವ ಪ್ರೋಗ್ರಾಂ ಇದೆ. ಮೊದಲ ತಿಂಗಳ ಸಭೆಯಲ್ಲೇ ಮೂರನೇ ಗುಂಪಿನ ಮಾತು ಎತ್ತಿದೆ. ಸಂಬಳದ ಚೀಟಿ, ಫಾರ್ಮ್ 16ಕ್ಕೆ ಒಪ್ಪಿದರು, ಈಗ ನಡೆಯುತ್ತಿದೆ. ವಿಮೆಯ ಕಾರ್ಡ್ ವಿಷಯ ವಿಮಾ ಕಂಪನಿಯ ಜೊತೆ ಮಾತಾಡಬೇಕಂತೆ, ಇನ್ನೂ ಆಗಿಲ್ಲ. ಮೂರು ಸಲ ನೆನಪಿಸಿದ್ದೇನೆ.

ಅಷ್ಟರೊಳಗೆ ಅಕ್ಕ ಕಾಯಲಿಲ್ಲ. ದೀಪಾವಳಿಗೆ ಹೋದಾಗ ಹೊಸ ಕಾರ್ಡನ್ನು ನನ್ನಿಂದ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಅಪ್ಪನ ಪಾಸ್‌ಬುಕ್ ಇರುವ ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟಿದ್ದಾಳೆ. ಕವರ್ ಟ್ರೆಜರಿಯ ಮೇಲಿನ ಅರೆಯಲ್ಲಿದೆ. ಅದರ ಕೀಲಿ ಎಲ್ಲಿರುತ್ತದೆ ಎಂದು ಮನೆಯವರಿಗೆಲ್ಲ ಗೊತ್ತು.